ಕುಣಿಯದ ಮುಚ್ಚಳ

"ಹಲೋ... ಯಾರು ಮಾತಾಡ್ತಿರೋದು?... ಅಲ್ಲ, ಇದು ಮೇಸ್ತ್ರಿ ನಂಬರ್ ಅಲ್ವಾ? ನೀವ್ಯಾರು?"

ಎಡಚ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ತನ್ನ ಶೆಡ್ಡಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಎದುರಿಗೆ ಅಕ್ಕನ ಕೆಂಪು ಕಾರು ನಾಲ್ಕು ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಬೆಳಗ್ಗೆಯಿಂದ ಅದರ ಅಡಿಯಲ್ಲಿ ಮಲಗಿ ಎದ್ದು, ಮಲಗಿ ಎದ್ದು, ಅವನ ಬೆನ್ನಿನ ಅಂಗಿ ಯಾವ ಬಣ್ಣದ್ದೆಂದು ಅವನಿಗೇ ಮರೆತುಹೋಗಿತ್ತು. ಮೇಸ್ತ್ರಿಗೆ ಹೇಳಬೇಕಾದ ಬೈಗುಳಗಳನ್ನು ಮಾತ್ರ ಮರೆತಿರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಸ್ಪ್ಯಾನರ್ ಜೋಡಿಸಿದ ಹಾಗೆ ಸಾಲಾಗಿ ಜೋಡಿಸಿ ಇಟ್ಟುಕೊಂಡಿದ್ದ.

"ಹಾಂ... ಅತ್ತೇನಾ?... ಅತ್ತೆ, ನಾನು. ಎಡಚ... ಹೂಂ, ಅದೇ ಎಡಚ, ಇನ್ನೆಷ್ಟು ಜನ ಎಡಚರಿದ್ರು ನಿಮ್ಮ ಗ್ಯಾರೇಜಲ್ಲಿ... ಇದೀನಿ, ಇದೀನಿ, ಇನ್ನೂ ಸತ್ತಿಲ್ಲ. ಮೇಸ್ತ್ರಿಗೆ ಕೊಡಿ ಫೋನು."

ಮೇಸ್ತ್ರಿಯ ಹೆಂಡತಿಯನ್ನು ಗ್ಯಾರೇಜಿನಲ್ಲಿ ಕೆಲಸ ಮಾಡುವವರೆಲ್ಲ ಅತ್ತೆ ಎಂದೇ ಕರೆಯುತ್ತಿದ್ದರು. ಎಡಚ ಅಲ್ಲಿದ್ದ ಐದು ವರ್ಷ ಮಧ್ಯಾಹ್ನದ ಊಟ ಅವಳ ಕೈಯದೇ. ಅವನು ಅಲ್ಲಿಂದ ಜಗಳ ಆಡಿಕೊಂಡು ಹೊರಬಿದ್ದು ಎರಡು ವರ್ಷವಾಗಿತ್ತು. ಒಬ್ಬ ಗಿರಾಕಿಯ ಎದುರಿಗೆ ಮೇಸ್ತ್ರಿ, ಇವನಿಗೆ ಓದೂ ಹತ್ತಲಿಲ್ಲ, ಕೈಯೂ ನೆಟ್ಟಗಿಲ್ಲ ಎಂದು ನಕ್ಕಿದ್ದ. ಎಡಚ ಕೈಯಲ್ಲಿದ್ದ ಜಾಕನ್ನು ಅಲ್ಲೇ ಬಿಟ್ಟು ನಡೆದಿದ್ದ. ಅಂದಿನಿಂದ ಆ ಮನೆಯವರ ದನಿ ಕೇಳಿರಲಿಲ್ಲ. ಈಗ ಮೇಸ್ತ್ರಿಯ ಗಂಟಲಿಗೆ ಕಾದಿದ್ದವನ ಕಿವಿಗೆ ಅತ್ತೆಯ ದನಿ ಬಿದ್ದು, ಸಾಲಾಗಿಟ್ಟಿದ್ದ ಬೈಗುಳಗಳು ಚೆಲ್ಲಾಪಿಲ್ಲಿಯಾದವು.

"ಮಾತಾಡಲ್ಲ ಅಂದ್ರೆ? ನನ್ನ ಹತ್ರ ಮಾತಾಡಲ್ವಂತಾ?... ಹೇಳಿ ಅವರಿಗೆ, ನಾನೇನು ವಾಪಸ್ ಕೆಲಸ ಕೊಡಿ ಅಂತ ಫೋನ್ ಮಾಡಿಲ್ಲ. ಎರಡೇ ಎರಡು ಮಾತು ಕೇಳಬೇಕು... ಆಗಲ್ಲ ಅಂದ್ರೆ ಏನತ್ತೆ?"

...

"ಯಾವಾಗ?"

...

"ಐದು ತಿಂಗಳಾ... ಬಲಗಡೆ ಪೂರ್ತೀನಾ?... ಮಾತು? ಒಂದು ಮಾತೂ ಇಲ್ವಾ?... ನಂಗೆ ಯಾರೂ ಹೇಳಲಿಲ್ಲ ಅತ್ತೆ. ಯಾರು ಹೇಳ್ತಾರೆ ನಂಗೆ."

ಅತ್ತೆ ಹೇಳಿದಳು. ಬೆಳಗ್ಗೆ ಹಲ್ಲುಜ್ಜುತ್ತಾ ನಿಂತವರು ಹಾಗೇ ಗೋಡೆಗೆ ಒರಗಿ ಜಾರಿದರಂತೆ. ಆಸ್ಪತ್ರೆಯಲ್ಲಿ ಇಪ್ಪತ್ತು ದಿನ. ಈಗ ಮುಂದಿನ ಕೋಣೆಯ ಮಂಚದ ಮೇಲೆ. ಗ್ಯಾರೇಜಿನ ಬಾಗಿಲು ಎಳೆದದ್ದು ಎಳೆದ ಹಾಗೇ ಇದೆಯಂತೆ. ಹೌದು ಅನ್ನಬೇಕಾದರೆ ಕಣ್ಣು ಮುಚ್ಚುತ್ತಾರೆ, ಅಲ್ಲ ಅನ್ನಬೇಕಾದರೆ ಸುಮ್ಮನೆ ನೋಡುತ್ತಾರೆ, ಅಷ್ಟೇ ಈಗ ಅವರ ಮಾತು ಎಂದಳು. ಹೇಳುವಾಗ ಅತ್ತೆಯ ದನಿಯಲ್ಲಿ ಅಳು ಇರಲಿಲ್ಲ. ಐದು ತಿಂಗಳಲ್ಲಿ ಎಷ್ಟು ಜನಕ್ಕೆ ಹೇಳಿದ್ದಳೋ, ಹೇಳಿ ಹೇಳಿ ಒಣಗಿಹೋಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಎರಡು ಸಮಾಧಾನದ ಮಾತು ಆಡಿ ಫೋನ್ ಇಡುತ್ತಿದ್ದರು. ಎಡಚನ ಸಿಟ್ಟು ಅಂಥದ್ದಲ್ಲ. ಎದ್ದು ನಿಂತಮೇಲೆ ಅದಕ್ಕೆ ಕೂರಲು ಬರುತ್ತಿರಲಿಲ್ಲ. ಅಲ್ಲದೆ ಮಧ್ಯಾಹ್ನದೊಳಗೆ ಅವನು ಅಕ್ಕನಿಗೆ ಉತ್ತರ ಕೊಡಬೇಕಿತ್ತು. ಈ ಕೆಲಸ ಯಾರದ್ದೆಂದು ನನಗೆ ಗೊತ್ತು, ಅವನ ಬಾಯಿಂದಲೇ ಒಪ್ಪಿಸುತ್ತೇನೆ, ನೀನು ಬಾ ಎಂದು ಬೆಳಗ್ಗೆ ಎದೆ ತಟ್ಟಿಕೊಂಡು ಹೇಳಿ ಕಳಿಸಿದ್ದ.

"ಅತ್ತೆ... ಕಿವಿ ಕೇಳುತ್ತಾ ಅವರಿಗೆ?... ಕೇಳುತ್ತೆ ಅಲ್ವಾ. ಅರ್ಥ ಆಗುತ್ತಾ?... ಎಲ್ಲಾ ಅರ್ಥ ಆಗುತ್ತೆ ಅಲ್ವಾ. ಹಾಗಾದ್ರೆ ಫೋನ್ ಅವರ ಕಿವಿ ಹತ್ರ ಇಡಿ. ನಾನು ಹೇಳ್ತೀನಿ, ಅವರು ಕೇಳಿಸ್ಕೊಳ್ಳಲಿ. ಅಷ್ಟು ಸಾಕು ನಂಗೆ."

...

"ಇಟ್ರಾ?"

...

"ಮೇಸ್ತ್ರೀ. ನಾನು ಎಡಚ. ನಿಮಗೆ ಹುಷಾರಿಲ್ಲ ಅಂತ ಈಗ ಗೊತ್ತಾಯ್ತು. ಅದು ಬೇರೆ, ಇದು ಬೇರೆ. ನಮ್ಮಕ್ಕ ಒಂದು ಕಾರು ತಗೊಂಡ್ಳು, ನಾಲ್ಕು ತಿಂಗಳಾಯ್ತು. ಕೆಂಪು ಕಾರು. ಬಣ್ಣ ಆಮೇಲೆ ಹೊಡೆದಿದ್ದು, ಒಳಗೆ ಬೂದು ಇದೆ. ನೋಡಿ ಹೇಳು ಅಂತ ನನ್ನ ಕರೆದ್ಳು. ನಾನು ಹೋಗಿ, ನೀವು ಹೇಳಿಕೊಟ್ಟ ಹಾಗೇ ಆಯಿಲ್ ಮುಚ್ಚಳ ತೆಗೆದು ಬೋರಲು ಇಟ್ಟೆ. ಕುಣೀಲಿಲ್ಲ ಮೇಸ್ತ್ರೀ."

ಎಂಜಿನ್ನಿಗೂ ಒಂದು ಹೊಟ್ಟೆಯಿದೆ. ಆಯಿಲ್ ನಿಲ್ಲುವುದು, ಕ್ರ್ಯಾಂಕು ತಿರುಗುವುದು ಅಲ್ಲೇ. ಮೇಲೆ ಪೆಟ್ರೋಲು ಉರಿಯುವಾಗ ಒಂದಿಷ್ಟು ಹೊಗೆ ಪಿಸ್ಟನ್ನಿನ ರಿಂಗುಗಳ ಸಂದಿಯಲ್ಲಿ ನುಸುಳಿ ಆ ಹೊಟ್ಟೆಗೆ ಇಳಿಯುತ್ತದೆ. ಅದು ಅಲ್ಲೇ ತುಂಬಿಕೊಂಡು ಕೂರಬಾರದೆಂದು ಕಾರು ಮಾಡಿದವರೇ ಒಂದು ಬ್ರೀದರ್ ಪೈಪು ಇಟ್ಟಿರುತ್ತಾರೆ. ಹೊಗೆ ಅದರಲ್ಲಿ ಮೇಲಕ್ಕೆ ಹೋಗಿ ಮತ್ತೆ ಉರಿದು ತೀರುತ್ತದೆ. ರಿಂಗು ಸವೆದಷ್ಟೂ ಹೊಗೆ ಹೆಚ್ಚು, ಹೊಟ್ಟೆಯುಬ್ಬರವೂ ಹೆಚ್ಚು. ಹಳೇ ಕಾರು ಕೊಳ್ಳುವವರು ಇದನ್ನು ಕಂಡುಹಿಡಿಯುವ ಉಪಾಯ ಸುಲಭದ್ದು. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಸುರಿಯುವ ಬಾಯಿಯ ಮುಚ್ಚಳ ಬಿಚ್ಚಿ, ಅದೇ ಬಾಯಿಯ ಮೇಲೆ ಬೋರಲಾಗಿ ಸುಮ್ಮನೆ ಇಡುವುದು. ತೆಪ್ಪಗೆ ಕೂತರೆ ಎಂಜಿನ್ ಗಟ್ಟಿ. ಕುದಿಯುವ ಪಾತ್ರೆಯ ಮೇಲಿನ ತಟ್ಟೆಯ ಹಾಗೆ ಕುಣಿದರೆ ಆ ಎಂಜಿನ್ನಿನ ಆಯಸ್ಸು ಮುಗಿಯುತ್ತಾ ಬಂತೆಂದು ಅರ್ಥ.

ಅಕ್ಕ ಹನ್ನೊಂದು ವರ್ಷ ಹೊಲಿಗೆ ಕಾರ್ಖಾನೆಯಲ್ಲಿ ಕಾಲರ್ ಹೊಲಿದು, ಕಣ್ಣು ಮಂಜಾಗುವ ಮೊದಲೇ ಬಿಟ್ಟು, ಸ್ವಂತದ್ದೊಂದು ಕಾರು ಓಡಿಸುತ್ತೇನೆಂದು ಹೊರಟವಳು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಮೆಷೀನಿನಲ್ಲಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕಾದವರನ್ನು ಮನೆಯಿಂದ ಕರೆದೊಯ್ದು, ಕಾದಿದ್ದು, ವಾಪಸು ತಂದುಬಿಡುವುದು ಅವಳ ಕೆಲಸ. ಅಂಥವರ ಜೊತೆ ಮೆತ್ತಗೆ ಮಾತಾಡುವುದು, ಹಳ್ಳದಲ್ಲಿ ಇಳಿಸದ ಹಾಗೆ ಓಡಿಸುವುದು ಅವಳಿಗೆ ಹೇಳಿಕೊಡದೆ ಬಂದಿತ್ತು. ಕಾರಿನ ವಿಷಯ ಮಾತ್ರ ತನಗೇನೂ ಗೊತ್ತಿಲ್ಲ ಎನ್ನುತ್ತಿದ್ದಳು. ನನಗೆ ಯಾಕೆ ಗೊತ್ತಿರಬೇಕು, ನನ್ನ ತಮ್ಮನಿಗೆ ಗೊತ್ತಿದೆ ಎನ್ನುತ್ತಿದ್ದಳು. ಅಂದು ಆ ಹಳೇ ಕಾರುಗಳ ಅಂಗಳದಲ್ಲಿ ಎಡಚ ಮುಚ್ಚಳವನ್ನು ಬೋರಲಿಟ್ಟು, ಎರಡು ನಿಮಿಷ ಕೈಕಟ್ಟಿ ನಿಂತು, ಧೈರ್ಯವಾಗಿ ತಗೋ ಅಂದಿದ್ದ. ಅಕ್ಕ ಆ ಮುಚ್ಚಳದ ಕಡೆ ನೋಡಿರಲೂ ಇಲ್ಲ. ತಮ್ಮನ ಮುಖ ನೋಡಿದ್ದಳು.

"ಮೊನ್ನೆ ಸೇತುವೆ ಮೇಲೆ ಎಂಜಿನ್ ಜಾಮ್ ಆಯ್ತು ಮೇಸ್ತ್ರೀ. ಇಳಿಜಾರಲ್ಲಿ. ಮುಂದಿನ ಚಕ್ರ ಎರಡೂ ಕಚ್ಚಿಕೊಂಡು ನಿಂತುಬಿಟ್ವು. ಹಿಂದಿನ ಸೀಟಲ್ಲಿ ಒಬ್ಬರು ರಿಟೈರ್ ಆದ ಪೋಸ್ಟ್‌ಮ್ಯಾನು, ಅವರ ಹೆಂಡ್ತಿ. ಆ ಯಮ್ಮನ ಕೈಗೆ ಇನ್ನೂ ಸೂಜಿ ಚುಚ್ಚಿದ ಪಟ್ಟಿ ಹಾಗೇ ಇತ್ತು. ಹಿಂದೆ ಬರ್ತಿದ್ದ ಲಾರಿ ಎಷ್ಟು ದೂರದಲ್ಲಿ ನಿಂತಿತು ಗೊತ್ತಾ? ಅಕ್ಕ ಇಳಿದು ಕೈ ಇಟ್ಟು ನೋಡಿದಾಳೆ. ಒಂದು ಗೇಣು. ಅಷ್ಟೇ. ಕೇಳಿಸ್ತಿದೆಯಾ?"

...

"ಇವತ್ತು ಅಡಿಯಲ್ಲಿ ಮಲಗಿ ನೋಡ್ತೀನಿ. ಕಂಪನಿ ಬ್ರೀದರ್ ಪೈಪು ಇರೋ ಜಾಗದಲ್ಲೇ ಇದೆ, ನೋಡೋಕೆ ಚೆಂದ. ಒಳಗೆ ಒಂದು ಬಿರಡೆ ಬಡಿದು ಮುಚ್ಚಿದಾರೆ. ಹಿಂದಿನಿಂದ ಬೇರೆ ಪೈಪು ಎಳೆದು, ಕಪ್ಪು ಟೇಪು ಸುತ್ತಿ, ಸೀದಾ ಸೈಲೆನ್ಸರ್ ಪೈಪಿಗೆ ಓರೆಯಾಗಿ ವೆಲ್ಡಿಂಗು. ಮಧ್ಯ ಬ್ರೇಕಿನ ಬೂಸ್ಟರ್‌ದು ಒಂದು ವಾಲ್ವು, ಗಾಳಿ ಒಂದೇ ಕಡೆ ಹೋಗೋದು. ಆಹಾ. ಸೈಲೆನ್ಸರಿನ ಹೊಗೆ ಜೋರಾಗಿ ಹೋಗ್ತಾ ಹೋಗ್ತಾ ಎಂಜಿನ್ ಹೊಟ್ಟೇಲಿರೋದನ್ನೂ ಹೀರ್ಕೊಂಡು ಹೋಗುತ್ತೆ. ಇನ್ನು ಮುಚ್ಚಳ ಎಲ್ಲಿಂದ ಕುಣೀಬೇಕು? ಸಾಯೋ ಎಂಜಿನ್ನಿಗೆ ಹೊಸ ಅಂಗಿ ಹಾಕಿ ನಿಲ್ಲಿಸಿದ ಹಾಗೆ. ವಾಲ್ವಿನಲ್ಲಿ ಮಸಿ ಕಟ್ಟಿ ಕಲ್ಲಾಗೋವರೆಗೂ ಎಲ್ಲಾ ಸರಿ. ಆಮೇಲೆ ಹೊಗೆಗೆ ದಾರಿ ಇಲ್ಲ, ಆಯಿಲ್ ತಡೆಯೋ ಹಿಂದಿನ ಸೀಲು ಕಿತ್ಕೊಂಡು ಆಯಿಲ್ ಪೂರ್ತಿ ರಸ್ತೆಗೆ, ಎಂಜಿನ್ ಒಣಗಿ ಜಾಮ್. ಇದು ಯಾರ ಗ್ಯಾರೇಜಿನ ಕೆಲಸ ಅಂತ ನಂಗೆ ಗೊತ್ತಾಗಲ್ಲ ಅಂದ್ಕೊಂಡ್ರಾ?"

ಪೈಪಿಗೆ ಕ್ಲಿಪ್ಪು ಹಾಕುವ ಕಡೆ ಹಳೇ ಟ್ಯೂಬಿನ ರಬ್ಬರನ್ನು ಬೆರಳಗಲ ಕತ್ತರಿಸಿ ಸುತ್ತಿ, ಅದರ ಮೇಲೆ ಕಟ್ಟುತಂತಿ ಬಿಗಿಯುವುದು ಮೇಸ್ತ್ರಿಯ ಗ್ಯಾರೇಜಿನ ರೂಢಿ. ಕ್ಲಿಪ್ಪು ಸಡಿಲವಾಗುತ್ತದೆ, ತಂತಿ ಸಾಯುವವರೆಗೂ ಬಿಡುವುದಿಲ್ಲ ಎಂಬುದು ಮೇಸ್ತ್ರಿಯ ವಾದ. ಬೆಳಗ್ಗೆ ಟಾರ್ಚಿನ ಬೆಳಕಿನಲ್ಲಿ ಆ ರಬ್ಬರಿನ ಪಟ್ಟಿ ಕಂಡಾಗಲೇ ಎಡಚನ ತಲೆಗೆ ರಕ್ತ ಏರಿತ್ತು. ಸೈಲೆನ್ಸರಿನ ತುಂಡು, ವಾಲ್ವು, ಪೈಪು ಮೂರನ್ನೂ ಹಾಗೇ ಕತ್ತರಿಸಿ ಹೊರಗೆ ತೆಗೆದು ಎದುರಿಗೆ ಇಟ್ಟುಕೊಂಡಿದ್ದ, ಅಕ್ಕನಿಗೆ ತೋರಿಸಲೆಂದು. ವಾಲ್ವನ್ನು ಬೇರೆಯಾಗಿ ಬಿಡಿಸಿಟ್ಟರೆ ಅವಳಿಗೆ ಇನ್ನೂ ಸರಿಯಾಗಿ ಕಾಣುತ್ತದೆಂದು ಈಗ ಇಕ್ಕಳ ಕೈಗೆತ್ತಿಕೊಂಡ. ಮಾತಾಡುತ್ತಲೇ ತಂತಿಯ ಗಂಟನ್ನು ಇಕ್ಕಳದಲ್ಲಿ ಕಚ್ಚಿದ.

"ಬಾಯಿಲ್ಲ ಅಂತ ಬಿಡಲ್ಲ ನಾನು. ಏನಯ್ಯಾ, ಐದು ವರ್ಷ ನಿನ್ನ ಕಾಲ ಕೆಳಗೆ ಬಿದ್ದಿದ್ದೆ. ಕೈ ನೆಟ್ಟಗಿಲ್ಲ ಅಂದೆ ನಂಗೆ. ನಿನ್ನ ಕೈ ನೆಟ್ಟಗಿತ್ತಾ? ಈ ತರ ಎಷ್ಟು ಜನರ ಹೊಟ್ಟೆ ಮೇಲೆ ಹೊಡೆದೆ? ಕಾರು ಕೊಂಡೋರು ಎಲ್ಲಿ ಬೇಕಾದ್ರೂ ಸಾಯಲಿ, ಅಂಗಳ ದಾಟಿದ್ರೆ ಸಾಕು, ಅಲ್ವಾ? ಈಗ ಮಲಗಿದ್ದೀಯಲ್ಲ, ಅದು ಕೂಡ..."

ಮಾತು ಅಲ್ಲಿಗೆ ನಿಂತಿತು.

ಅವನು ಹೇಳಲಿದ್ದ ಮಾತು ಕೆಟ್ಟದ್ದೆಂದು ನಿಂತದ್ದಲ್ಲ. ಕೈ ನಿಂತಿತು, ಅದರ ಜೊತೆ ಬಾಯಿಯೂ ನಿಂತಿತು.

ತಂತಿ ಬಿಗಿಯುವಾಗ ಎಲ್ಲರ ಕೈಯೂ ಒಂದೇ ಕಡೆಗೆ ತಿರುಗುತ್ತದೆ, ಬಲಕ್ಕೆ. ಎಡಚನ ಕೈ ಮಾತ್ರ ಎಡಕ್ಕೆ. ಹಾಗಾಗಿ ಬೇರೆಯವರು ಬಿಗಿದ ತಂತಿ ಬಿಚ್ಚಬೇಕಾದಾಗಲೆಲ್ಲ ಅವನು ಒಂದು ಗಳಿಗೆ ಯೋಚಿಸಿ, ತಾನು ಬಿಗಿಯುವ ಕಡೆಗೇ, ಎಡಕ್ಕೆ, ತಿರುಗಿಸಬೇಕಿತ್ತು. ವರ್ಷಗಟ್ಟಲೆ ಮಾಡಿ ಮಾಡಿ ಅದೇ ಅಭ್ಯಾಸವಾಗಿತ್ತು. ಈಗಲೂ ಹಾಗೇ ತಿರುಗಿಸಿದ್ದ. ತಂತಿ ಬಿಚ್ಚಿಕೊಳ್ಳಲಿಲ್ಲ. ಇನ್ನಷ್ಟು ಬಿಗಿಯಿತು.

ಅವನು ಇಕ್ಕಳವನ್ನು ಬಲಕ್ಕೆ ತಿರುಗಿಸಿದ. ತಂತಿ ಮೆತ್ತಗೆ, ಗುರುತಿನವರ ಮನೆಯ ಬಾಗಿಲಿನ ಹಾಗೆ, ಬಿಚ್ಚಿಕೊಂಡಿತು.

...

...

"ಹಾಂ?... ಅತ್ತೆ... ಹಾಂ, ಇದೀನಿ. ಲೈನ್ ಹೋಗಿಲ್ಲ."

...

"ನೀವು... ನೀವೂ ಕೇಳಿಸ್ಕೊಂಡ್ರಾ? ಸ್ಪೀಕರ್ ಹಾಕಿದ್ರಾ?... ಎಲ್ಲಾನೂ ಕೇಳಿಸ್ಕೊಂಡ್ರಾ?"

ಅವರ ಕಿವಿಗೆ ಹಿಡಿದುಕೊಂಡೇ ನಿಲ್ಲಲು ತೋಳು ಸೋಲುತ್ತದೆ, ಅದಕ್ಕೆ ಯಾರ ಫೋನು ಬಂದರೂ ದಿಂಬಿನ ಮೇಲಿಟ್ಟು ಸ್ಪೀಕರ್ ಹಾಕುತ್ತೇನೆ ಎಂದಳು ಅತ್ತೆ. ಬೈಗುಳದ ಬಗ್ಗೆ ಏನೂ ಅನ್ನಲಿಲ್ಲ. ಸೇತುವೆಯ ಮೇಲಿನ ಆ ಯಮ್ಮ ಈಗ ಹೇಗಿದ್ದಾಳೆ ಎಂದು ಕೇಳಿದಳು.

"ಇದಾರತ್ತೆ. ಏನೂ ಆಗಿಲ್ಲ. ಹೆದರಿದಾರೆ ಅಷ್ಟೇ. ಇನ್ನು ಅಕ್ಕನ ಕಾರು ಹತ್ತಲ್ಲ ಅಂದ್ರಂತೆ."

...

"ಯಾಕೆ ಸುಮ್ಮನಾದೆ ಅಂದ್ರೆ... ಅತ್ತೆ, ಸ್ವಲ್ಪ ಇರಿ. ಒಂದು ನಿಮಿಷ."

ಬೂದು ಬಣ್ಣದ ಕಾರು. ನೆನಪಾಯಿತು. ಮೂರು ವರ್ಷದ ಹಿಂದೆ ಮೇಸ್ತ್ರಿ ಒಂದು ಪೈಪನ್ನೂ ವಾಲ್ವನ್ನೂ ಅವನ ಕೈಗೆ ಕೊಟ್ಟು, ಹೀಗೆ ಹೀಗೆ ಮಾಡು ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ತೋರಿಸಿದ್ದ. ಯಾಕೆ ಎಂದು ಎಡಚ ಕೇಳಿದ್ದ. ರೇಸಿನ ಗಾಡಿಗಳಿಗೆಲ್ಲ ಹೀಗೇ ಮಾಡುತ್ತಾರೆ, ಎಂಜಿನ್ನಿಗೆ ಹಗುರ ಎಂದಿದ್ದ ಮೇಸ್ತ್ರಿ. ಅದು ಸುಳ್ಳೂ ಅಲ್ಲ. ಆದರೆ ಆ ಗಾಡಿಗಳು ಯಾವುದೂ ರೇಸಿಗೆ ಹೋಗುವಂಥವಲ್ಲ ಎಂಬುದು ಎಡಚನಿಗೆ ಕಾಣುತ್ತಿತ್ತು. ಕೆಲಸ ಮುಗಿದ ಮಾರನೇ ದಿನ ಅವಕ್ಕೆ ಪಾಲಿಶ್ ಹೊಡೆಯುತ್ತಿದ್ದರು, ಅದರ ಮಾರನೇ ದಿನ ಯಾರೋ ಬಂದು ಒಯ್ಯುತ್ತಿದ್ದರು. ಅವನು ಎರಡನೇ ಸಲ ಕೇಳಿರಲಿಲ್ಲ. ಬದಲಿಗೆ, ಪೈಪು ಹೊರಗೆ ಕಾಣದ ಹಾಗೆ ಎಂಜಿನ್ನಿನ ಬೆನ್ನ ಹಿಂದೆ ಹಾಯಿಸುವ ದಾರಿ ಅವನೇ ಕಂಡುಹಿಡಿದಿದ್ದ. ಮೇಸ್ತ್ರಿ ಕೆಳಗೆ ಬಗ್ಗಿ ನೋಡಿ, ಪರವಾಗಿಲ್ಲ ಕಣೋ ಎಡಚ, ಕೈ ಕುದುರಿತು ಅಂದಿದ್ದ. ಐದು ವರ್ಷದಲ್ಲಿ ಆ ಮನುಷ್ಯ ಅವನನ್ನು ಹೊಗಳಿದ್ದು ಅದೊಂದೇ ಸಲ. ಆ ದಿನ ಅವನು ಮನೆಗೆ ಹೋಗಿ ಅಕ್ಕನಿಗೆ ಅದನ್ನೇ ಎರಡು ಸಲ ಹೇಳಿದ್ದ.

"ಅತ್ತೆ... ಮೇಸ್ತ್ರಿಗೆ ಕೇಳಿಸ್ತಿದೆ ಅಲ್ವಾ?... ಮೇಸ್ತ್ರೀ. ಈ ತಂತಿ ನಿಮ್ಮದಲ್ಲ. ನಾನು ಬಿಗಿದಿದ್ದು. ಎಡಕ್ಕೆ ತಿರುಗಿದೆ."

...

"ನಿಮಗೆ ಗೊತ್ತಿತ್ತಾ? ನಾನು ಬೈಯೋಕೆ ಶುರು ಮಾಡಿದಾಗಲೇ ಗೊತ್ತಿತ್ತಾ, ಇದು ನನ್ನ ಕೈ ಅಂತ?... ಅತ್ತೆ, ಕಣ್ಣು ಮುಚ್ಚಿದ್ರಾ?"

...

"ಮುಚ್ಚಿದ್ರಾ."

ಎಡಚ ಇಕ್ಕಳವನ್ನು ನೆಲದ ಮೇಲಿಟ್ಟ. ಅಷ್ಟು ಹೊತ್ತು ಅಷ್ಟೆಲ್ಲ ಅಂದಾಗ ಆ ಕಡೆ ಮಂಚದ ಮೇಲೆ ಆ ಮನುಷ್ಯ ಸುಮ್ಮನೆ ಕೇಳಿಸಿಕೊಂಡು ಮಲಗಿದ್ದ. ಬಾಯಿದ್ದಿದ್ದರೆ ಮೊದಲನೇ ಮಾತಿಗೇ, ಲೋ ಎಡಚ, ತಂತಿ ಯಾವ ಕಡೆ ತಿರುಗಿದೆ ನೋಡಿ ಮಾತಾಡೋ ಎನ್ನುತ್ತಿದ್ದ. ಎಡಚನಿಗೆ ಆ ದನಿ ಕೇಳಬೇಕೆನ್ನಿಸಿತು. ಬೈಸಿಕೊಳ್ಳಬೇಕೆನ್ನಿಸಿತು. ಬೈಯಲು ಯಾರೂ ಇರಲಿಲ್ಲ.

"ಗೊತ್ತಿತ್ತತ್ತೆ ನಂಗೆ. ಪೂರ್ತಿ ಗೊತ್ತಿರಲಿಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಗೊತ್ತಿಲ್ಲದ ಹಾಗೆ ಇದ್ದೆ... ಇಲ್ಲ, ಅವರು ಹೇಳಿದ್ರು ನಾನು ಮಾಡಿದೆ ಅಂತ ಅಷ್ಟಕ್ಕೇ ಬಿಡೋಕಾಗಲ್ಲ. ಪೈಪು ಅಡಗಿಸಿದ್ದು ನಾನೇ. ಚೆನ್ನಾಗಿ ಅಡಗಿಸಿದ್ದೆ. ಎಷ್ಟು ಚೆನ್ನಾಗಿ ಅಂದ್ರೆ, ನಂಗೇ ಸಿಗಲಿಲ್ಲ."

...

"ಅಕ್ಕ ಬರ್ತಾಳೆ ಈಗ. ಯಾರು ಮಾಡಿದ್ದು ಹೇಳು ಅಂತ ಕೇಳ್ತಾಳೆ... ಏನು ಹೇಳಲಿ? ಏನತ್ತೆ?... ಹಾಗೆ ಹೇಗೆ ಹೇಳೋದು?"

ಅತ್ತೆ ಮೆತ್ತಗೆ ಹೇಳುತ್ತಿದ್ದಳು. ಇವರ ಹೆಸರೇ ಹೇಳಿಬಿಡು. ಹೇಗೂ ಇವರ ಗ್ಯಾರೇಜು, ಇವರ ವಾಲ್ವು. ಮಲಗಿರುವವರಿಗೆ ಇನ್ನು ಯಾರು ಏನು ಮಾಡುತ್ತಾರೆ. ನಿಮ್ಮಕ್ಕ ಇಲ್ಲಿಗೆ ಬಂದು ಬೈದರೂ ಬೈಯಲಿ, ನಾನು ಕೂರಿಸಿ ನೀರು ಕೊಡುತ್ತೇನೆ. ನೀನು ಅಕ್ಕನ ಕಣ್ಣಲ್ಲಿ ಸಣ್ಣವನಾಗಬೇಡ, ಅವಳಿಗೆ ಇನ್ಯಾರಿದ್ದಾರೆ. ಆಮೇಲೆ ಅವಳು ಪಕ್ಕಕ್ಕೆ ತಿರುಗಿ ಗಂಡನನ್ನೇ ಕೇಳಿದ್ದು ಎಡಚನಿಗೂ ಕೇಳಿಸಿತು: ಹಾಗೆ ಹೇಳಲಿ ಅಲ್ವಾ?

"ಏನಂದ್ರು?"

...

"ಇದಕ್ಕೂ ಮುಚ್ಚಿದ್ರಾ?"

...

"ಯಾಕತ್ತೆ ಹೀಗೆ ಮಾಡ್ತಾರೆ ಅವರು. ಬೈಯೋಕಾದ್ರೂ ಬಿಡಬಾರದಾ ನನ್ನ."

ಶೆಡ್ಡಿನ ಬಾಗಿಲ ಬೆಳಕು ಕಡಿಮೆಯಾಯಿತು. ತಲೆ ಎತ್ತಿದರೆ ಅಕ್ಕ. ಬಸ್ಸಿನಲ್ಲಿ ಬಂದಿದ್ದಳು, ಕಾರು ತಗೊಂಡ ಮೇಲೆ ಬಸ್ಸು ಹತ್ತಿದ್ದು ಇದೇ ಮೊದಲು. ಒಳಗೆ ಬಂದವಳು ದಿಮ್ಮಿಗಳ ಮೇಲಿನ ಕಾರನ್ನು ನೋಡಲಿಲ್ಲ, ನೆಲದ ಮೇಲೆ ಹರಡಿದ್ದ ತುಂಡುಗಳನ್ನು ನೋಡಿದಳು. ಅವನ ಕಿವಿಯ ಫೋನು ನೋಡಿದಳು. ಅವನೇನಾ ಎಂದು ಹುಬ್ಬಿನಲ್ಲೇ ಕೇಳಿ, ಉತ್ತರಕ್ಕೆ ಕಾಯದೆ ಕೈ ಚಾಚಿದಳು. ಕೊಡು, ನಾನು ಮಾತಾಡುತ್ತೇನೆ ಎಂದಳು. ಬಸ್ಸಿನುದ್ದಕ್ಕೂ ಅವಳೂ ಬೈಗುಳ ಜೋಡಿಸಿಕೊಂಡೇ ಬಂದಿದ್ದಳೆಂದು ಮುಖ ಹೇಳುತ್ತಿತ್ತು.

"ಅತ್ತೆ, ಇಡಬೇಡಿ. ಅಕ್ಕ ಬಂದ್ಳು... ಇಡಬೇಡಿ ಅಂದ್ನಲ್ಲ."

ಅವನು ಫೋನು ಕೊಡಲಿಲ್ಲ. ಕಿವಿಯಿಂದ ತೆಗೆದು ಎದೆಗೆ ಹಿಡಿದುಕೊಂಡ, ಅದರ ಬಾಯಿ ಮುಚ್ಚದೆ, ಆ ಕಡೆಯವರಿಗೂ ಕೇಳಿಸಲಿ ಎಂಬಂತೆ.

"ಅಕ್ಕ, ಅವರಿಗೆ ಬೈಬೇಡ. ಅವರಿಗೆ ಮಾತು ಹೋಗಿದೆ, ಹಾಸಿಗೆ ಹಿಡಿದಿದಾರೆ. ವಾಲ್ವು ಕೊಟ್ಟಿದ್ದು ಅವರು. ಕಟ್ಟಿದ್ದು ನಾನು. ನಿನ್ನ ಕಾರಿಗೆ ಇದನ್ನ ಕಟ್ಟಿದ್ದು ನಾನೇ, ಮೂರು ವರ್ಷದ ಹಿಂದೆ, ಬೇರೆ ಬಣ್ಣ ಇತ್ತು ಆಗ. ನನ್ನ ಕೆಲಸಕ್ಕೆ ನಾನೇ ಮೋಸ ಹೋದೆ."

ಅಕ್ಕ ಚಾಚಿದ ಕೈಯನ್ನು ಹಾಗೇ ಹಿಡಿದು ನಿಂತಿದ್ದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೈ ತಾನಾಗಿ ಕೆಳಗಿಳಿಯಿತು. ಅವಳು ಕೂಗುತ್ತಾಳೆ ಎಂದುಕೊಂಡಿದ್ದ, ಹೊಡೆದರೂ ಹೊಡೆಯಬಹುದು ಎಂದುಕೊಂಡಿದ್ದ. ಅವಳು ಮೂಲೆಯಲ್ಲಿದ್ದ ಹಳೇ ಟೈರಿನ ಮೇಲೆ ಕೂತಳು. ಸೀರೆಗೆ ಗ್ರೀಸ್ ಹತ್ತುತ್ತದೆ ಎಂದು ಎಂದಿನಂತೆ ನೋಡಿಕೊಳ್ಳಲೂ ಇಲ್ಲ.

"ನಿನ್ನ ಮಾತಿನ ಮೇಲೆ ಅವರಿಬ್ಬರನ್ನ ಕೂರಿಸ್ಕೊಂಡಿದ್ದೆ ನಾನು" ಎಂದಳು.

ಎದೆಗೆ ಹಿಡಿದ ಫೋನಿನಿಂದ ಹಲೋ, ಹಲೋ ಎಂದು ಅತ್ತೆಯ ದನಿ ಸಣ್ಣಗೆ ಬರುತ್ತಿತ್ತು.

"ಇಂಥವು ಎಷ್ಟು ಕಟ್ಟಿದ್ದೀಯ?" ಎಂದಳು ಅಕ್ಕ.

ಅವನು ಬೆರಳು ಮಡಿಸಲಿಲ್ಲ. ಲೆಕ್ಕ ಬಾಯಲ್ಲೇ ಇತ್ತು. ಆರು ಎಂದ. ಇದೂ ಸೇರಿ ಆರು.

"ಉಳಿದ ಐದು ಎಲ್ಲಿದಾವೆ?"

ಗೊತ್ತಿಲ್ಲ ಎಂದ. ಕೊಂಡವರನ್ನು ಅವನು ಕಂಡವನಲ್ಲ. ಅದೆಲ್ಲ ಮೇಸ್ತ್ರಿಗೆ ಮಾತ್ರ ಗೊತ್ತಿತ್ತು.

ಅಕ್ಕ ಫೋನಿನ ಕಡೆ ಗಲ್ಲ ತೋರಿಸಿದಳು. "ಕೇಳು. ಅವುಗಳ ಹಿಂದಿನ ಸೀಟಲ್ಲೂ ಯಾರೋ ಕೂತಿರ್ತಾರೆ."

ಎಡಚ ಫೋನನ್ನು ಮತ್ತೆ ಕಿವಿಗೆ ಇಟ್ಟುಕೊಂಡ.

"ಅತ್ತೆ, ಕೇಳಿಸ್ತಾ ಎಲ್ಲಾ?... ಹೂಂ. ಹೇಳಿದೆ. ಹೇಳದೆ ಇರೋಕೆ ಆಗಲಿಲ್ಲ... ಅದು ಬಿಡಿ. ಈಗ ಒಂದು ಉಪಕಾರ ಮಾಡಿ. ಮೇಸ್ತ್ರಿ ಮುಖ ನೋಡ್ತಾ ಇರಿ. ನಾನು ಒಂದೊಂದೇ ಕಾರು ಹೇಳ್ತೀನಿ. ಅವರು ಮುಚ್ತಾರಾ ಇಲ್ವಾ ಹೇಳಿ. ಅಷ್ಟೇ."

...

"ಮೇಸ್ತ್ರೀ, ಆ ಬಿಳೀದು. ಹಿಂದಿನ ಗಾಜಿನ ಮೂಲೇಲಿ ಬಿರುಕಿತ್ತಲ್ಲ, ಅದು. ಅದು ಈ ಊರಲ್ಲೇ ಇದೆಯಾ?"

...

"ಮುಚ್ಚಿದ್ರಾ. ಸರಿ. ಮನೆಯವರು ಯಾರಾದ್ರೂ ತಗೊಂಡ್ರಾ?... ನೋಡ್ತಾನೇ ಇದಾರಾ? ಅಲ್ಲ ಅಂತ. ಟ್ಯಾಕ್ಸಿಗಾ?... ಅಲ್ವಾ. ಮತ್ತೆ... ಮೇಸ್ತ್ರೀ, ಡ್ರೈವಿಂಗ್ ಕಲಿಸೋ ಸ್ಕೂಲಿಗಾ?"

...

"ಮುಚ್ಚಿದ್ರಾ?... ಅತ್ತೆ, ಸರಿಯಾಗಿ ನೋಡಿದ್ರಾ?"

ಎಡಚ ಅಕ್ಕನ ಕಡೆ ತಿರುಗಿ, ಡ್ರೈವಿಂಗ್ ಸ್ಕೂಲು ಎಂದು ತುಟಿಯಲ್ಲೇ ಹೇಳಿದ. ಸ್ಟೀರಿಂಗ್ ಹಿಡಿಯಲೂ ಬಾರದವರು ಬೆಳಗಿನಿಂದ ಸಂಜೆಯವರೆಗೆ ಒಬ್ಬರಾದ ಮೇಲೆ ಒಬ್ಬರು ಅದರಲ್ಲಿ ಕೂರುತ್ತಾರೆ. ಅಕ್ಕ ಮುಂದಿನದು ಎನ್ನುವ ಹಾಗೆ ಕೈ ಆಡಿಸಿದಳು.

"ಎರಡನೇದು, ನೀಲಿ. ಎಡಗಡೆ ಬಾಗಿಲ ಹಿಡಿ ಮುರಿದು ನಾನೇ ಹೊಸದು ಹಾಕಿದ್ದೆ. ಅದು ಈ ಊರಲ್ಲಿದೆಯಾ ಮೇಸ್ತ್ರೀ?"

...

"ಮುಚ್ಚೇ ಇದಾರೆ ಅಂದ್ರೆ? ಮೊದಲನೇದಕ್ಕೆ ಮುಚ್ಚಿದ್ದು ಇನ್ನೂ ತೆಗೀಲಿಲ್ವಾ?... ಹಾಗಾದ್ರೆ ಇದಕ್ಕೆ ಹೌದೋ ಅಲ್ವೋ ಹೇಗೆ ಗೊತ್ತಾಗಬೇಕು. ತೆಗೀರಿ ಅನ್ನಿ ಅತ್ತೆ... ನಿದ್ದೆ ಬಂತಾ?"

...

"ನಿದ್ದೆ ಅಲ್ವಾ."

ನಿದ್ದೆಯಲ್ಲ ಎಂದಳು ಅತ್ತೆ. ರೆಪ್ಪೆ ಅದುರುತ್ತಿದೆ, ಒದ್ದೆಯಾಗಿದೆ, ಎಚ್ಚರವಾಗಿಯೇ ಇದ್ದಾರೆ. ತೆಗೆಯುತ್ತಿಲ್ಲ. ಇಷ್ಟು ಹೊತ್ತು ಒಣಗಿದ್ದ ಅವಳ ದನಿ ಈಗ ನಡುಗುತ್ತಿತ್ತು. ನಿನ್ನ ಬೈಗುಳವೆಲ್ಲ ಕಣ್ಣು ತೆರೆದೇ ಕೇಳಿಸಿಕೊಂಡರಪ್ಪ, ಇದನ್ನು ಮಾತ್ರ ತಡೆಯುವುದಕ್ಕೆ ಆಗುತ್ತಿಲ್ಲ, ಸಾಕು ಮಾಡು ಎಂದಳು. ಇನ್ನೊಂದು ಸಲ ಏನಾದರೂ ಆದರೆ ಉಳಿಯುವುದಿಲ್ಲ ಎಂದಿದ್ದಾರೆ ಡಾಕ್ಟರು ಎಂದಳು.

"ಗೊತ್ತಾಗುತ್ತೆ ಅತ್ತೆ. ನಂಗೂ ಬೇಕಾಗಿಲ್ಲ ಅವರನ್ನ ನೋಯಿಸೋದು... ಮೇಸ್ತ್ರೀ, ನಿಮ್ಮ ತಪ್ಪು ಅಂತ ಕೇಳ್ತಿಲ್ಲ. ಯಾರಿಗೂ ಹೇಳಲ್ಲ ನಿಮ್ಮ ಹೆಸರು. ಎಲ್ಲಿದಾವೆ ಅಂತ ಮಾತ್ರ ಹೇಳಿ, ನಾನೇ ಹೋಗಿ ಮಲಗಿ ಬಿಚ್ಚಿ ಬರ್ತೀನಿ. ಅರ್ಧ ಗಂಟೆ ಕೆಲಸ. ನನ್ನ ಗಂಟು, ನಂಗೇ ಬೇಗ ಬಿಚ್ಚೋಕೆ ಬರೋದು. ಕಣ್ಣು ತೆಗೀರಿ ಮೇಸ್ತ್ರೀ. ಒಂದ್ಸಲ ತೆಗೆದು ನೋಡಿ, ಸಾಕು."

...

"ತೆಗೆದ್ರಾ ಅತ್ತೆ?"

...

"ಅತ್ತೆ, ಅಳಬೇಡಿ... ಅತ್ತೆ?"

...

"ಇಡಬೇಡಿ ಅತ್ತೆ, ಇನ್ನೂ ನಾಲ್ಕು ಉಳಿದಿದಾವೆ. ನೀಲಿದು ಒಂದು, ಆ ಉದ್ದದ್ದು ಒಂದು... ಹಲೋ... ಅತ್ತೆ, ಹಲೋ..."

ಆ ಕಡೆಯಿಂದ ಕಟ್ ಆಯಿತು.